ಹತ್ತು ವರ್ಷ ಹಳೆಯ ವೋಲ್ವೋ ಕೊಳ್ಳಬಹುದಾ?

ಪ್ರಶ್ನೆ: ಹತ್ತು ವರ್ಷ ಓಡಿದ ಒಂದು ವೋಲ್ವೋ ಎಕ್ಸ್‌ಸಿ 60 ನೋಡಿದ್ದೇವೆ. ಮನೆಯಲ್ಲಿ ಎರಡು ವರ್ಷದ ಮಗಳು, ಆರು ವರ್ಷದ ಮಗ ಇದ್ದಾರೆ. ವೋಲ್ವೋ ಅಂದರೆ ಸೇಫ್ಟಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕಂಪನಿ ಎರಡು ಸಲ ಕೈ ಬದಲಾಯಿಸಿದೆ, ಈಗಿನದು ಹಳೇ ವೋಲ್ವೋ ಅಲ್ಲ ಅನ್ನುವವರೂ ಇದ್ದಾರೆ. ಆ ಹೆಸರು ನಿಜಕ್ಕೂ ಎಲ್ಲಿಂದ ಬಂತು? ಈಗಲೂ ಅದನ್ನು ನಂಬಬಹುದಾ? ಇಟ್ಟುಕೊಂಡು ಓಡಿಸುವುದು ಕಷ್ಟವಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಕಾರು ಒಳ್ಳೆಯದು. ಹೆಸರೂ ಸುಮ್ನೆ ಬಂದಿದ್ದಲ್ಲ. ಆದರೆ ಹತ್ತು ವರ್ಷ ಆದಮೇಲೆ ಆ ಕಾರಿನಲ್ಲಿ ಸೇಫ್ಟಿ ಎಷ್ಟು ಉಳಿದಿದೆ ಅನ್ನುವುದು ಕಂಪನಿಯ ಕೈ ಬಿಟ್ಟು ಹಳೆಯ ಮಾಲೀಕರ ಕೈಗೆ ಹೋಗಿರುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಇತಿಹಾಸ ಮೊದಲು ಬಂದಿದೆ, ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಕಾರು ನೋಡುವಾಗ ಏನನ್ನು ನೋಡಬೇಕು ಅನ್ನುವುದಕ್ಕೂ ಆ ಇತಿಹಾಸಕ್ಕೂ ನಂಟಿದೆ.

ವೋಲ್ವೋ ಅಂದರೆ ಲ್ಯಾಟಿನ್ ಭಾಷೆಯಲ್ಲಿ 'ನಾನು ಉರುಳುತ್ತೇನೆ' ಎಂದು. ತಮಾಷೆ ಏನೆಂದರೆ ಆ ಹೆಸರು ಮೊದಲು ಹುಟ್ಟಿದ್ದು ಬೇರಿಂಗ್‌ಗಾಗಿ. ಸ್ವೀಡನ್ನಿನ ಎಸ್‌ಕೆಎಫ್ ಎಂಬ ಬೇರಿಂಗ್ ಕಂಪನಿ 1915ರಲ್ಲಿ ಅದನ್ನು ನೋಂದಾಯಿಸಿ ಇಟ್ಟುಕೊಂಡಿತ್ತು. ಅಲ್ಲೇ ಮಾರಾಟ ವಿಭಾಗದಲ್ಲಿದ್ದ ಅಸ್ಸಾರ್ ಗಾಬ್ರಿಯೆಲ್ಸನ್, ಇಂಜಿನಿಯರ್ ಗುಸ್ತಾಫ್ ಲಾರ್ಸನ್ ಇಬ್ಬರೂ ಸೇರಿ ಕಾರು ಮಾಡಲು ಹೊರಟಾಗ ಆ ಹೆಸರು ಅವರ ಕೈಗೆ ಬಂತು. 1927ರ ಏಪ್ರಿಲ್ 14ರಂದು ಗೋಥೆನ್‌ಬರ್ಗ್ ಫ್ಯಾಕ್ಟರಿಯಿಂದ ಮೊದಲ ಕಾರು ಹೊರಬಂತು. ನಾಲ್ಕು ಸಿಲಿಂಡರ್, ಮೇಲ್ಛಾವಣಿ ಇಲ್ಲದ ಗಾಡಿ. ಹಿಂದಿನ ಆ್ಯಕ್ಸಲ್‌ನ ಗೇರನ್ನು ತಿರುಗುಮುರುಗಾಗಿ ಕೂರಿಸಿದ್ದರಿಂದ ಮೊದಲ ಸಲ ಅದು ಹಿಂದಕ್ಕೆ ಓಡಿತು ಅನ್ನುವ ಕಥೆಯನ್ನು ವೋಲ್ವೋದವರೇ ನಗುತ್ತಾ ಹೇಳಿಕೊಳ್ಳುತ್ತಾರೆ.

ಮುಂಭಾಗದ ಜಾಲರಿಯ ಮೇಲೆ ಓರೆಯಾಗಿ ಒಂದು ಪಟ್ಟಿ ಇರುತ್ತದಲ್ಲ, ಅದು ಮೊದಲು ಅಲಂಕಾರಕ್ಕೆ ಇದ್ದದ್ದಲ್ಲ. ಲಾಂಛನವನ್ನು ರೇಡಿಯೇಟರ್ ಮುಂದೆ ಹಿಡಿದಿಡಲು ಹಾಕಿದ ಲೋಹದ ಪಟ್ಟಿ. ಕಾಲ ಹೋದಂತೆ ಅದೇ ಗುರುತಾಯಿತು.

ಗಟ್ಟಿ ಕಾರು ಅನ್ನುವ ಯೋಚನೆ ಅವರಿಗೆ ಮೊದಲಿನಿಂದಲೂ ಇತ್ತು. ಸ್ವೀಡನ್ನಿನ ಕೆಟ್ಟ ರಸ್ತೆ, ಚಳಿ, ಹಿಮ ಇವುಗಳನ್ನು ತಡೆದುಕೊಳ್ಳುವ ಗಾಡಿ ಬೇಕು ಅನ್ನುವುದೇ ಕಂಪನಿ ಕಟ್ಟಲು ಒಂದು ಕಾರಣ. 1944ರಲ್ಲಿ ತೋರಿಸಿದ ಪಿವಿ 444 ಕಾರಿಗೆ ಒಡೆದರೂ ಚೂರಾಗಿ ಮುಖಕ್ಕೆ ಹಾರದ ಪದರದ ಗಾಜು ಇತ್ತು. ಆದರೆ ಈಗ ನಾವು ವೋಲ್ವೋ ಸೇಫ್ಟಿ ಅನ್ನುವುದರ ನಿಜವಾದ ಶುರು 1959ರಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅದಕ್ಕೂ ಮೊದಲು ಕೆಲವು ಕಾರುಗಳಲ್ಲಿ ಸೀಟ್ ಬೆಲ್ಟ್ ಇತ್ತು. ಕೆಲವು ಸೊಂಟಕ್ಕೆ ಮಾತ್ರ, ಕೆಲವು ಎದೆಯ ಮೇಲೆ ಓರೆಯಾಗಿ. ಸೊಂಟದ ಬೆಲ್ಟ್ ಮಾತ್ರ ಇದ್ದರೆ ಡಿಕ್ಕಿಯಲ್ಲಿ ಮೈ ಮಡಚಿಕೊಂಡು ತಲೆ ಮುಂದಕ್ಕೆ ಹೋಗಿ ಹೊಡೆಯುತ್ತದೆ. ಓರೆ ಬೆಲ್ಟ್ ಮಾತ್ರ ಇದ್ದರೆ ಮೈ ಕೆಳಗಿನಿಂದ ಜಾರುತ್ತದೆ. ಬಕಲ್ ಹೊಟ್ಟೆಯ ಮೇಲೋ ಪಕ್ಕೆಲುಬಿನ ಮೇಲೋ ಬಂದರೆ ಆ ಬಕಲ್ಲೇ ಒಳಗಿನ ಅಂಗಗಳಿಗೆ ಏಟು ಕೊಡುತ್ತದೆ. ಆಗ ವೋಲ್ವೋ ಮುಖ್ಯಸ್ಥರಾಗಿದ್ದ ಗುನ್ನಾರ್ ಎಂಗೆಲ್ಲೌ ಅವರು ನಿಲ್ಸ್ ಬೋಲಿನ್ ಎಂಬ ಇಂಜಿನಿಯರನ್ನು ಕೆಲಸಕ್ಕೆ ಕರೆತಂದರು. ಬೋಲಿನ್ ಅದುವರೆಗೆ ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್‌ಗಳನ್ನು ಹೊರಕ್ಕೆ ಎಸೆಯುವ ಸೀಟಿನ ಮೇಲೆ ಕೆಲಸ ಮಾಡುತ್ತಿದ್ದವರು.

ಬೋಲಿನ್‌ಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಪೈಲಟ್ ಆದರೆ ಜೀವ ಉಳಿಯುತ್ತದೆ ಅಂದರೆ ಏನು ಬೇಕಾದರೂ ಕಟ್ಟಿಕೊಳ್ಳುತ್ತಾನೆ. ಕಾರಿನಲ್ಲಿ ಕೂರುವವರು ಒಂದು ನಿಮಿಷದ ಕಿರಿಕಿರಿಯನ್ನೂ ಸಹಿಸುವುದಿಲ್ಲ. ಹಾಗಾಗಿ ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ ಹಾಕಿಕೊಳ್ಳುವಂತಿರಬೇಕು. ಅವರು ಮಾಡಿದ್ದು ನೋಡಲು ಬಹಳ ಸರಳ: ಒಂದು ಪಟ್ಟಿ ಎದೆಯ ಮೇಲೆ, ಒಂದು ಸೊಂಟದ ಮೇಲೆ, ಎರಡೂ ಸೀಟಿನ ಪಕ್ಕ ಕೆಳಗೆ ಒಂದೇ ಕಡೆ ಸೇರುತ್ತವೆ. ಬಕಲ್ ಮೈಮೇಲೆ ಬರುವುದೇ ಇಲ್ಲ. ಡಿಕ್ಕಿಯ ಭಾರ ಎದೆಗೂಡು, ಸೊಂಟದ ಮೂಳೆ ಎರಡಕ್ಕೂ ಹಂಚಿಹೋಗುತ್ತದೆ. 1959ರ ಆಗಸ್ಟ್‌ನಲ್ಲಿ ಈ ಬೆಲ್ಟ್ ಇರುವ ಮೊದಲ ಕಾರು ಮಾಲೀಕರ ಕೈ ಸೇರಿತು. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳು ಅದನ್ನು ಬಳಸಲು ವೋಲ್ವೋ ಬಿಟ್ಟುಕೊಟ್ಟಿತು. ನೀವು ಇವತ್ತು ಯಾವ ಕಂಪನಿಯ ಕಾರಿನಲ್ಲಿ ಕೂತರೂ ಹಾಕಿಕೊಳ್ಳುವುದು ಅದೇ ಬೆಲ್ಟ್.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಆಮೇಲೆ ನಡೆದದ್ದು. ಬೆಲ್ಟ್ ಹಾಕಿ ಕೈತೊಳೆದುಕೊಳ್ಳದೆ, ಸ್ವೀಡನ್ನಿನಲ್ಲಿ ನಡೆದ 28,000 ಅಪಘಾತಗಳ ವಿವರ ತೆಗೆದುಕೊಂಡು ಕೂತರು. ಬೆಲ್ಟ್ ಹಾಕದವರು ಕಡಿಮೆ ವೇಗದಲ್ಲೂ ಸತ್ತಿದ್ದರು. ಬೆಲ್ಟ್ ಹಾಕಿದವರಲ್ಲಿ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ವೇಗದೊಳಗೆ ಒಬ್ಬರೂ ಸತ್ತಿರಲಿಲ್ಲ. ಬೋಲಿನ್ ಈ ಲೆಕ್ಕವನ್ನು 1967ರಲ್ಲಿ ಅಮೆರಿಕದಲ್ಲಿ ಮಂಡಿಸಿದರು. ಬೆಲ್ಟ್ ಬೇಕಾ ಬೇಡವಾ ಅನ್ನುವ ವಾದ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ ಅನ್ನುವುದು ಬೇರೆ ಮಾತು.

ವೋಲ್ವೋದ ನಿಜವಾದ ಬಂಡವಾಳ ಈ ಅಭ್ಯಾಸ ಅಂತ ನನ್ನ ಅನಿಸಿಕೆ. 1970ರಲ್ಲಿ ಅವರು ಅಪಘಾತ ಅಧ್ಯಯನಕ್ಕೆ ಅಂತಲೇ ಒಂದು ತಂಡ ಕಟ್ಟಿದರು. ಗೋಥೆನ್‌ಬರ್ಗ್ ಸುತ್ತಮುತ್ತ ವೋಲ್ವೋ ಕಾರಿಗೆ ಅಪಘಾತವಾದರೆ ಆ ತಂಡದವರು ಜಾಗಕ್ಕೆ ಹೋಗುತ್ತಾರೆ. ಕಾರು ಎಲ್ಲಿ ಮಡಚಿತು, ಒಳಗಿದ್ದವರಿಗೆ ಎಲ್ಲಿ ಏಟಾಯಿತು, ಯಾಕಾಯಿತು ಅಂತ ಬರೆದುಕೊಳ್ಳುತ್ತಾರೆ. ಹೀಗೆ 40,000ಕ್ಕೂ ಹೆಚ್ಚು ಕಾರು, 70,000ಕ್ಕೂ ಹೆಚ್ಚು ಜನರ ವಿವರ ಕೂಡಿದೆ. 2019ರಲ್ಲಿ ಇದರಿಂದ ಕಲಿತದ್ದನ್ನು ಎಲ್ಲರಿಗೂ ತೆರೆದಿಟ್ಟರು. ಲ್ಯಾಬಿನಲ್ಲಿ ಗೋಡೆಗೆ ಗುದ್ದಿಸಿದರೆ ಆ ಟೆಸ್ಟಿಗೆ ಬೇಕಾದದ್ದು ಮಾತ್ರ ತಿಳಿಯುತ್ತದೆ. ರಸ್ತೆಯಲ್ಲಿ ಮರಕ್ಕೆ ಓರೆಯಾಗಿ ಗುದ್ದಿದ ಕಾರು ಬೇರೆಯದೇ ಪಾಠ ಹೇಳುತ್ತದೆ, ಅಲ್ವಾ?

ಆ ಪಾಠಗಳು ಒಂದೊಂದಾಗಿ ಕಾರಿನೊಳಕ್ಕೆ ಬಂದವು. ಪಕ್ಕದಿಂದ ಗುದ್ದಿದಾಗ ಬಾಗಿಲು ಒಂದೇ ಎಲ್ಲ ಭಾರ ಹೊರದೆ ತೊಲೆ, ಕಂಬ, ಛಾವಣಿಗೆ ಹಂಚುವ ವ್ಯವಸ್ಥೆ 1991ರಲ್ಲಿ. ಪಕ್ಕದ ಏರ್‌ಬ್ಯಾಗ್ 1994ರಲ್ಲಿ, ಕಿಟಕಿ ಮುಚ್ಚುವ ಪರದೆಯಂಥ ಏರ್‌ಬ್ಯಾಗ್ 1998ರಲ್ಲಿ. ಅದೇ 1998ರಲ್ಲಿ ವಿಪ್ಸ್ ಎಂಬ ಸೀಟೂ ಬಂತು. ಹಿಂದಿನಿಂದ ಯಾರಾದರೂ ಗುದ್ದಿದಾಗ ಸೀಟಿನ ಬೆನ್ನು ನಿಮ್ಮ ಜೊತೆಗೇ ಸ್ವಲ್ಪ ಹಿಂದಕ್ಕೆ ಸರಿದು, ಕುತ್ತಿಗೆ ಚಾಟಿಯಂತೆ ಬೀಸದ ಹಾಗೆ ತಡೆಯುತ್ತದೆ. ಈ ವಿಪ್ಸ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲವನ್ನೂ ವೋಲ್ವೋದವರೇ ಕಂಡುಹಿಡಿದರು ಅಂದುಕೊಳ್ಳಬೇಡಿ. ಮುಂಭಾಗ ಮಡಚಿಕೊಂಡು ಒಳಗಿನ ಗೂಡು ಗಟ್ಟಿಯಾಗಿ ಉಳಿಯಬೇಕು ಅನ್ನುವ ವಿಚಾರ ಮರ್ಸಿಡಿಸ್‌ನ ಬೇಲಾ ಬಾರೆನ್ಯಿ ಅವರದ್ದು. ಮೇಲಾಗಿ ವೋಲ್ವೋ ತನ್ನ ಹೆಸರಿಗೆ ತಾನೇ ಮಸಿ ಬಳಿದುಕೊಂಡದ್ದೂ ಇದೆ. 1990ರಲ್ಲಿ ಅಮೆರಿಕದಲ್ಲಿ ಒಂದು ಜಾಹೀರಾತು ಬಂತು. ಸಾಲಾಗಿ ನಿಲ್ಲಿಸಿದ ಕಾರುಗಳ ಮೇಲೆ ದೈತ್ಯ ಚಕ್ರದ ಟ್ರಕ್ ಹತ್ತಿ ಹೋಗುತ್ತದೆ. ಎಲ್ಲ ಕಾರೂ ಅಪ್ಪಚ್ಚಿ, ವೋಲ್ವೋ ಮಾತ್ರ ನಿಂತಿದೆ. ಆಮೇಲೆ ನೋಡಿದರೆ ಆ ವೋಲ್ವೋದ ಛಾವಣಿಗೆ ಒಳಗಿನಿಂದ ಆಸರೆ ಕೊಟ್ಟಿದ್ದರು, ಬೇರೆ ಕಾರುಗಳ ಕಂಬಗಳನ್ನು ಕತ್ತರಿಸಿಟ್ಟಿದ್ದರು! ಟೆಕ್ಸಾಸ್‌ನ ಸರ್ಕಾರಿ ವಕೀಲರು ಹಿಡಿದರು. ಕಂಪನಿ ಜಾಹೀರಾತು ಹಿಂತೆಗೆದುಕೊಂಡು ತಪ್ಪೊಪ್ಪಿಕೊಳ್ಳಬೇಕಾಯಿತು. ಗಟ್ಟಿ ಕಾರನ್ನೇ ಮಾಡುತ್ತಿದ್ದವರಿಗೆ ಇದು ಯಾಕೆ ಬೇಕಿತ್ತೋ.

ಇನ್ನು ಕೈ ಬದಲಾದ ವಿಚಾರ. 1993ರಲ್ಲಿ ರೆನೋ ಜೊತೆ ಒಂದಾಗುವ ಮಾತು ಮುರಿದುಬಿತ್ತು. 1999ರಲ್ಲಿ ಕಾರಿನ ವಿಭಾಗವನ್ನು ಮಾತ್ರ ಫೋರ್ಡ್ 6.45 ಬಿಲಿಯನ್ ಡಾಲರ್‌ಗೆ ಕೊಂಡಿತು. ಅಂದಿನಿಂದ ವೋಲ್ವೋ ಬಸ್ಸು, ಲಾರಿ ಮಾಡುವ ಕಂಪನಿ ಬೇರೆ, ಕಾರು ಮಾಡುವ ಕಂಪನಿ ಬೇರೆ. ಹೆಸರು ಒಂದೇ, ಮನೆ ಎರಡು. ಬಸ್ಸಿನ ಮೇಲಿನ ಅಭಿಮಾನದಿಂದ ಕಾರು ಕೊಳ್ಳುವವರಿಗೆ ಇದು ಗೊತ್ತಿರಲಿ. 2010ರಲ್ಲಿ ಫೋರ್ಡ್‌ನಿಂದ ಚೀನಾದ ಜೀಲಿ ಕೊಂಡಿತು.

ಇದರಿಂದ ಸೇಫ್ಟಿ ಕೆಟ್ಟಿತಾ? ಉತ್ತರ ಹೇಳುವುದಕ್ಕೆ ಒಂದು ಒಳ್ಳೆಯ ಪರೀಕ್ಷೆ ಸಿಕ್ಕಿದೆ. 2012ರಲ್ಲಿ ಅಮೆರಿಕದ ಐಐಎಚ್‌ಎಸ್ ಎಂಬ ವಿಮಾ ಕಂಪನಿಗಳ ಸಂಸ್ಥೆ ಹೊಸ ಟೆಸ್ಟ್ ಶುರು ಮಾಡಿತು. ಕಾರಿನ ಮುಂಭಾಗದ ಕಾಲು ಭಾಗ ಮಾತ್ರ ಅಡ್ಡಗೋಡೆಗೆ ಬಡಿಯುವಂತೆ ಗುದ್ದಿಸುವುದು. ಕಂಬಕ್ಕೆ ಅಂಚಿನಲ್ಲಿ ಗುದ್ದಿದ ಹಾಗೆ. ಮೊದಲ ಸುತ್ತಿನಲ್ಲಿ 11 ದುಬಾರಿ ಕಾರುಗಳು. ಅವುಗಳಲ್ಲಿ 'ಗುಡ್' ಅನ್ನಿಸಿಕೊಂಡದ್ದು ಎರಡೇ: ಅಕ್ಯುರಾ ಟಿಎಲ್ ಮತ್ತು ವೋಲ್ವೋ ಎಸ್ 60. ದೊಡ್ಡ ದೊಡ್ಡ ಹೆಸರಿನವು ಒದ್ದಾಡಿದವು. ವೋಲ್ವೋದವರು ಇಂಥ ಡಿಕ್ಕಿಯನ್ನು 1980ರ ದಶಕದ ಕೊನೆಯಿಂದಲೇ ತಾವಾಗಿ ಪರೀಕ್ಷಿಸುತ್ತಿದ್ದರು. ರಸ್ತೆಯಲ್ಲಿ ಅದನ್ನು ನೋಡಿದ್ದರು. 2002ರಲ್ಲಿ ಬಂದ ಮೊದಲ ಎಕ್ಸ್‌ಸಿ 90 ಅಷ್ಟು ಹಳೆಯ ವಿನ್ಯಾಸವಾಗಿದ್ದರೂ ಆಮೇಲೆ ಅದೇ ಟೆಸ್ಟಿನಲ್ಲಿ 'ಗುಡ್' ತೆಗೆದುಕೊಂಡಿತು. ನನ್ನ ಮಟ್ಟಿಗೆ ಬೇರೆ ಯಾವ ಪ್ರಶಸ್ತಿಗಿಂತಲೂ ಇದು ದೊಡ್ಡದು. ಪ್ರಶ್ನೆಪತ್ರಿಕೆ ಬರುವ ಮೊದಲೇ ಓದಿಕೊಂಡಿದ್ದವರು ಅಂತ ಅರ್ಥ.

ಮಾಲೀಕರು ಬದಲಾದರೂ ಗೋಥೆನ್‌ಬರ್ಗ್‌ನ ಇಂಜಿನಿಯರ್‌ಗಳೂ ಅಪಘಾತ ತಂಡವೂ ಅಲ್ಲೇ ಉಳಿದರು. ಜೀಲಿ ಬಂದ ಮೇಲೆ 2014ರಲ್ಲಿ ತೋರಿಸಿದ ಎರಡನೇ ಎಕ್ಸ್‌ಸಿ 90ರಲ್ಲಿ ಅತಿ ಗಟ್ಟಿಯಾದ ಬೋರಾನ್ ಉಕ್ಕಿನ ಪಾಲು ಮೊದಲಿಗಿಂತ ಬಹಳ ಹೆಚ್ಚಾಯಿತು. ಹಾಗಾಗಿ 'ಹಳೇ ವೋಲ್ವೋ ಅಲ್ಲ' ಅನ್ನುವ ಮಾತಿನಲ್ಲಿ ಸೇಫ್ಟಿಯ ಮಟ್ಟಿಗೆ ಹುರುಳಿಲ್ಲ. ಒಂದು ಮಾತು ಮಾತ್ರ ಸೇರಿಸಬೇಕು. ಮೊದಲಿದ್ದಷ್ಟು ಅಂತರ ಈಗಿಲ್ಲ. ಉಳಿದವರೂ ಕಲಿತಿದ್ದಾರೆ. ಐದು ಸ್ಟಾರ್ ತೆಗೆದುಕೊಳ್ಳುವ ಕಾರುಗಳು ಈಗ ಹತ್ತಾರಿವೆ. ಹೊಸ ಕಾರು ಕೊಳ್ಳುವವರಿಗೆ 'ವೋಲ್ವೋನೇ ಬೇಕು' ಅಂತ ನಾನು ಹೇಳುವುದಿಲ್ಲ. ಹತ್ತು ವರ್ಷ ಹಳೆಯದರಲ್ಲಿ ಮಾತ್ರ ಆ ಅಂತರ ಇನ್ನೂ ಎದ್ದು ಕಾಣುತ್ತದೆ. ನೀವು ನೋಡಿರುವ ಎಕ್ಸ್‌ಸಿ 60, 2008ರಲ್ಲಿ ಬಂದಾಗಲೇ ನಿಧಾನ ವೇಗದಲ್ಲಿ ತಾನಾಗಿ ಬ್ರೇಕ್ ಹಾಕುವ ಸಿಟಿ ಸೇಫ್ಟಿಯನ್ನು ಎಲ್ಲ ಕಾರಿಗೂ ಕೊಟ್ಟಿದ್ದ ಮಾಡೆಲ್. ಮೊದಲು ಗಂಟೆಗೆ 30 ಕಿಲೋಮೀಟರ್‌ವರೆಗೆ ಕೆಲಸ ಮಾಡುತ್ತಿತ್ತು, ಆಮೇಲೆ 50ರವರೆಗೆ.

ಇಟ್ಟುಕೊಳ್ಳುವ ಅನುಭವಕ್ಕೆ ಬರೋಣ. ವೋಲ್ವೋ ಎಂದೂ ಕೆಡುವುದಿಲ್ಲ ಅನ್ನುವವರು ಅರ್ವ್ ಗೋರ್ಡನ್ ಅವರ ಹೆಸರು ಹೇಳುತ್ತಾರೆ. ನ್ಯೂಯಾರ್ಕ್‌ನ ಈ ಮೇಷ್ಟ್ರು 1966ರಲ್ಲಿ ಪಿ1800 ಎಂಬ ಕೆಂಪು ವೋಲ್ವೋ ಕಾರು ಕೊಂಡರು. 2013ರಲ್ಲಿ ಅದೇ ಕಾರಿನಲ್ಲಿ 30 ಲಕ್ಷ ಮೈಲಿ ದಾಟಿದರು. ಅಂದರೆ 48 ಲಕ್ಷ ಕಿಲೋಮೀಟರ್. ಗಿನ್ನೆಸ್ ದಾಖಲೆ. ಇದರಲ್ಲಿ ಎಲ್ಲರೂ ಕಾರನ್ನು ಹೊಗಳುತ್ತಾರೆ. ನಾನು ಆ ಮೇಷ್ಟ್ರನ್ನು ಹೊಗಳುತ್ತೇನೆ. ಅವರು ಮಾಲೀಕರ ಪುಸ್ತಕದಲ್ಲಿ ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡಿದರು. ಆಯಿಲ್ ಬದಲಿಸುವುದನ್ನು ತಪ್ಪಿಸಲಿಲ್ಲ.

ಈಗಿನ ವೋಲ್ವೋ ಆ ಕಾಲದಷ್ಟು ಸರಳ ಯಂತ್ರ ಅಲ್ಲ. ಮೈ ಗಟ್ಟಿ, ತುಕ್ಕು ಅಷ್ಟು ಬೇಗ ಹತ್ತುವುದಿಲ್ಲ, ಸೀಟುಗಳಂತೂ ದಿನವಿಡೀ ಓಡಿಸಿದರೂ ಬೆನ್ನು ನೋಯಿಸುವುದಿಲ್ಲ. ಆದರೆ ಸೆನ್ಸರ್, ವೈರಿಂಗ್, ಸಣ್ಣ ಸಣ್ಣ ಕಂಪ್ಯೂಟರ್‌ಗಳು ತುಂಬಿವೆ. ಬಿಡಿಭಾಗ ದುಬಾರಿ. ಕೆಲವಕ್ಕೆ ಕಾಯಬೇಕು. ಹೊಸ ಭಾಗ ಹಾಕಿದರೆ ಸಾಲದು, ಕಂಪನಿಯ ಸ್ಕ್ಯಾನರ್ ಹಾಕಿ ಅದನ್ನು ಕಾರಿಗೆ ಪರಿಚಯ ಮಾಡಿಸಬೇಕು. ಎಲ್ಲ ಮೆಕ್ಯಾನಿಕ್‌ಗಳ ಹತ್ತಿರವೂ ಆ ಸ್ಕ್ಯಾನರ್ ಇರುವುದಿಲ್ಲ. ನಿಮ್ಮ ಓಡಾಟದ ಅಳತೆಯೊಳಗೆ ಅದು ಗೊತ್ತಿರುವವರು ಯಾರೂ ಇಲ್ಲದಿದ್ದರೆ ಈ ಕಾರು ಬೇಡ ಅಂತಲೇ ನನ್ನ ಸಲಹೆ.

ಯಂತ್ರದ ಕಡೆ ಮೊದಲು ಕೇಳಬೇಕಾದ್ದು ಟೈಮಿಂಗ್ ಬೆಲ್ಟ್, ಅಂದರೆ ಇಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ಹೊಂದಿಸಿ ಓಡಿಸುವ ಪಟ್ಟಿ. ಆ ಕಾಲದ ನಾಲ್ಕು, ಐದು ಸಿಲಿಂಡರ್ ಇಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಚೈನ್ ಇಲ್ಲ, ಬೆಲ್ಟ್ ಇದೆ. ಅದು ಓಡುವಾಗ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಇಂಜಿನ್ ಅಲ್ಲಿಗೆ ಮುಗಿಯಿತು. ಹತ್ತು ವರ್ಷದ ಕಾರಿನಲ್ಲಿ ಅದನ್ನು ಬದಲಿಸಿದ ಬಿಲ್ ತೋರಿಸಿ ಅನ್ನಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಪೆಟ್ರೋಲ್ ಎರಡು ಲೀಟರ್ ಇಂಜಿನ್ ಆದರೆ ಡಿಪ್‌ಸ್ಟಿಕ್ ಇಲ್ಲವೇ ಡ್ಯಾಶ್‌ಬೋರ್ಡಿನ ಮೀಟರಿನಲ್ಲಿ ಆಯಿಲ್ ಮಟ್ಟ ನೋಡಿ. ಆ ಸಾಲಿನ ಮೊದಲ ವರ್ಷಗಳ ಕೆಲವು ಇಂಜಿನ್‌ಗಳು ಆಯಿಲ್ ಕುಡಿಯುತ್ತವೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಾದರೆ ಹಿಂದಿನ ಚಕ್ರಗಳಿಗೆ ಶಕ್ತಿ ಸೇರಿಸುವ ಕಪ್ಲಿಂಗ್‌ನ ಆಯಿಲ್ ಬದಲಿಸಿದ್ದಾರಾ ಕೇಳಿ. ನಾಲ್ಕೂ ಟೈರ್ ಒಂದೇ ಸವೆತದಲ್ಲಿವೆಯಾ ನೋಡಿ.

ಇದಿಷ್ಟು ಯಾವ ಹಳೆಯ ಕಾರಿಗಾದರೂ ಮಾಡುವ ಪರೀಕ್ಷೆಯೇ. ಸೇಫ್ಟಿಗಾಗಿ ಕೊಳ್ಳುತ್ತಿದ್ದೀರಿ ಅಂದಮೇಲೆ ಇನ್ನೂ ಮೂರು ವಿಷಯ ನೋಡಲೇಬೇಕು. ಇವನ್ನು ಯಾರೂ ನೋಡುವುದಿಲ್ಲ.

ಮೊದಲನೆಯದು ಅಪಘಾತ. ಹೊಸ ಪೇಂಟ್ ಹೊಡೆದು ಬಂಪರ್ ಬದಲಿಸಿದರೆ ಹಿಂದಿನಿಂದ ಗುದ್ದಿಸಿಕೊಂಡ ಕಾರು ಹೊಳೆಯುತ್ತಿರುತ್ತದೆ. ಆದರೆ ಆಗಲೇ ಹೇಳಿದ ವಿಪ್ಸ್ ಸೀಟು? ಜೋರಾಗಿ ಗುದ್ದಿದಾಗ ಅದರೊಳಗಿನ ಲೋಹ ಮಡಚಿ ತನ್ನ ಕೆಲಸ ಮುಗಿಸಿರುತ್ತದೆ. ಹೊರಗಿನಿಂದ ಸೀಟು ಚೆನ್ನಾಗೇ ಕಾಣುತ್ತದೆ. ಮಾಲೀಕರ ಪುಸ್ತಕದಲ್ಲೇ ಹೀಗೆ ಆದರೆ ತಪಾಸಣೆ ಮಾಡಿಸಬೇಕು ಅಂತ ಬರೆದಿದೆ. ಮಾಡಿಸಿದವರನ್ನು ನಾನು ಕಂಡದ್ದು ಬಹಳ ಕಡಿಮೆ. ಬೋರಾನ್ ಉಕ್ಕಿನ ಕಂಬಕ್ಕೂ ಇದೇ ಮಾತು. ಅದನ್ನು ಕಾಯಿಸಿ, ಬಡಿದು ನೆಟ್ಟಗೆ ಮಾಡಿದರೆ ಗಟ್ಟಿತನ ಹೋಗುತ್ತದೆ. ಪೂರ್ತಿ ಭಾಗ ಬದಲಿಸಬೇಕು. ರಿಪೇರಿ ಆದ ಕಾರು ಅಂತ ಸುಳಿವು ಸಿಕ್ಕರೆ, ಕಾಗದ ಪಕ್ಕಾ ಇಲ್ಲದಿದ್ದರೆ, ಬಿಟ್ಟುಬಿಡಿ.

ಎರಡನೆಯದು ಮುಂದಿನ ಗಾಜು. ಸಿಟಿ ಸೇಫ್ಟಿಯ ಕಣ್ಣು ಇರುವುದು ಅದರ ಹಿಂದೆಯೇ. ಕಲ್ಲು ಬಡಿದು ಗಾಜು ಬದಲಿಸುವಾಗ ಬೇರೆ ಥರದ ಗಾಜು ಹಾಕಿದ್ದರೆ, ಇಲ್ಲವೇ ಸೆನ್ಸರನ್ನು ಮತ್ತೆ ಸರಿಯಾಗಿ ಹೊಂದಿಸದಿದ್ದರೆ, ಆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಕನ್ನಡಿಯ ಹಿಂದಿನ ಜಾಗದಲ್ಲಿ ಸ್ಟಿಕ್ಕರ್ ಕೂಡ ಅಂಟಿಸಿರಬಾರದು. ಡ್ಯಾಶ್‌ಬೋರ್ಡಿನಲ್ಲಿ ದೀಪ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತ ಅಲ್ಲ. ಸ್ಕ್ಯಾನರ್ ಹಾಕಿಸಿ ನೋಡಿ.

ಮೂರನೆಯದು ರೀಕಾಲ್, ಅಂದರೆ ದೋಷ ಕಂಡ ಕಾರುಗಳನ್ನು ಕಂಪನಿಯೇ ವಾಪಸ್ ಕರೆದು ಸರಿಮಾಡಿಕೊಡುವುದು. ಇಲ್ಲಿ ಒಂದು ವಿಚಿತ್ರ ಇದೆ. 2020ರಲ್ಲಿ ವೋಲ್ವೋ ತನ್ನ ಇತಿಹಾಸದ ಅತಿ ದೊಡ್ಡ ರೀಕಾಲ್ ಮಾಡಿತು, ಸುಮಾರು 22 ಲಕ್ಷ ಕಾರು. ಕಾರಣ ಏನು ಗೊತ್ತಾ? ಸೀಟ್ ಬೆಲ್ಟ್! ಮುಂದಿನ ಬೆಲ್ಟಿಗೆ ಜೋಡಿಸಿದ ಉಕ್ಕಿನ ತಂತಿ ಕೆಲವು ಸಂದರ್ಭಗಳಲ್ಲಿ ಸವೆದು, ಬೆಲ್ಟ್ ಹಿಡಿಯುವ ಶಕ್ತಿ ಕಡಿಮೆಯಾಗಬಹುದು ಅನ್ನುವುದು. ಬೆಲ್ಟ್ ಕೊಟ್ಟ ಕಂಪನಿಗೇ ಬೆಲ್ಟ್‌ನ ತೊಂದರೆ. ಮುಚ್ಚಿಡದೆ ಕರೆದು ಸರಿಮಾಡಿಕೊಟ್ಟರು, ಅದಕ್ಕೆ ಅವರನ್ನು ಬೈಯಲಾರೆ. ಆದರೆ ನೀವು ನೋಡಿರುವ ಎಕ್ಸ್‌ಸಿ 60 ಆ ಪಟ್ಟಿಯಲ್ಲಿರುವ ಮಾಡೆಲ್. ಕಾರಿನ ಚಾಸಿಸ್ ನಂಬರ್ ಕೊಟ್ಟರೆ ಆ ಕೆಲಸ ಆಗಿದೆಯೋ ಇಲ್ಲವೋ ಡೀಲರ್ ಹೇಳುತ್ತಾರೆ. ರೀಕಾಲ್ ಕೆಲಸಕ್ಕೆ ದುಡ್ಡು ಕೊಡಬೇಕಿಲ್ಲ. ಕೈಯಿಂದ ಕೈಗೆ ಹೋದ ಕಾರುಗಳಲ್ಲಿ ಕಂಪನಿಯ ಪತ್ರ ಹಳೆಯ ವಿಳಾಸಕ್ಕೆ ಹೋಗಿ ಅಲ್ಲೇ ಉಳಿದಿರುತ್ತದೆ.

ಕೊನೆಗೆ ಮಕ್ಕಳು. ಎರಡು ವರ್ಷದ ಮಗಳನ್ನು ಹಿಮ್ಮುಖವಾಗಿ, ಅಂದರೆ ಅವಳ ಬೆನ್ನು ಕಾರಿನ ಮುಂಭಾಗಕ್ಕೆ ಬರುವಂತೆ ಕೂರಿಸಿ. ವೋಲ್ವೋ 1964ರಲ್ಲೇ ಇಂಥ ಸೀಟಿನ ಮಾದರಿ ಪರೀಕ್ಷಿಸಿತ್ತು. ಗೋಥೆನ್‌ಬರ್ಗ್‌ನ ಪ್ರೊಫೆಸರ್ ಬರ್ಟಿಲ್ ಆಲ್ಡ್‌ಮನ್ ಅದರ ಹಿಂದಿದ್ದವರು. ಗಗನಯಾತ್ರಿಗಳು ಹೊರಡುವಾಗ ಬೆನ್ನಿನ ಮೇಲೆ ಭಾರ ಹೊರುವುದನ್ನು ನೋಡಿ ಅವರಿಗೆ ಈ ಯೋಚನೆ ಬಂತು ಅಂತ ಹೇಳುತ್ತಾರೆ. ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ಬಹಳ ಭಾರ. ಒಂಬತ್ತು ತಿಂಗಳ ಮಗುವಿನ ತಲೆ ಮೈತೂಕದ ಕಾಲು ಭಾಗ, ದೊಡ್ಡವರದು ಶೇ 6 ಮಾತ್ರ. ಕುತ್ತಿಗೆಯೋ ಇನ್ನೂ ಎಳೆಯದು. ಹಿಮ್ಮುಖವಾಗಿದ್ದರೆ ಡಿಕ್ಕಿಯ ಭಾರವನ್ನು ಇಡೀ ಬೆನ್ನು ಹೊರುತ್ತದೆ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಹೀಗೇ ಕೂರಿಸುವುದು ರೂಢಿ. ಕಾಲು ಮಡಚುತ್ತಾಳೆ ಅಂತ ಚಿಂತೆ ಬೇಡ, ಮಕ್ಕಳಿಗೆ ಅದು ತೊಂದರೆಯೇ ಅಲ್ಲ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಚಾಲೂ ಇರುವಾಗ ಮಾತ್ರ ಎಂದಿಗೂ ಹಿಮ್ಮುಖ ಸೀಟು ಹಾಕಬೇಡಿ.

ಮಗನಿಗೆ ಬೂಸ್ಟರ್, ಅಂದರೆ ಕೂರುವ ಎತ್ತರ ಹೆಚ್ಚಿಸುವ ಸೀಟು ಬೇಕು. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಬರದೆ ಮೂಳೆಯ ಮೇಲೆ ಕೂರಬೇಕು, ಅದಕ್ಕೇ ಅದು ಇರುವುದು. ಎಕ್ಸ್‌ಸಿ 60ರಲ್ಲಿ ಹಿಂದಿನ ಸೀಟಿನೊಳಗೇ ಎರಡು ಎತ್ತರಕ್ಕೆ ಏಳುವ ಬೂಸ್ಟರ್ ಆಯ್ಕೆಯಾಗಿ ಸಿಗುತ್ತಿತ್ತು. ಈ ಕಾರಿನಲ್ಲಿದೆಯಾ, ಸರಿಯಾಗಿ ಲಾಕ್ ಆಗುತ್ತದಾ ಎತ್ತಿ ನೋಡಿ.

ಓಡಿಸಿ ನೋಡಲು ಹೋಗುವಾಗ ಮಗಳ ಸೀಟನ್ನೂ ತೆಗೆದುಕೊಂಡು ಹೋಗಿ. ಹಿಮ್ಮುಖವಾಗಿ ಕೂರಿಸಿದ ಮೇಲೆ ಮುಂದೆ ಕೂತವರ ಮೊಣಕಾಲಿಗೆ ಎಷ್ಟು ಜಾಗ ಉಳಿಯುತ್ತದೆ ಅನ್ನುವುದನ್ನು ಮನೆಗೆ ತಂದ ಮೇಲೆ ನೋಡಿದರೆ ತಡವಾಗುತ್ತದೆ.